ಬೆಟ್ಟದ ಹಳೇ ಫೋಟೊ ಹಾಕೋವಾಗ ಇಸವಿನೂ ಹಾಕಿ ಸರ್

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟಕ್ಕೆ ಎರಡು ಫೋಟೊ ಹಾಕಿದ್ರಿ, ಎಡಗಡೆ ಒಂದು ಬೆಟ್ಟದ ತುಂಬಾ ಹಳೇ ಕಪ್ಪು ಬಿಳುಪು ಚಿತ್ರ, ಬಲಗಡೆ ಈಗಿನ ಕಲರ್ ಚಿತ್ರ, ಮೇಲೆ ದಪ್ಪಕ್ಷರದಲ್ಲಿ ‘ಅಂದು ಕಾನನ, ಇಂದು ಬೋಳು’ ಅಂತ. ನೋಡಿದ ತಕ್ಷಣ ಎದೆ ಝಲ್ ಅಂತು, ಸುಳ್ಳು ಹೇಳಲ್ಲ. ಮನೇಲಿ ಎಲ್ಲರಿಗೂ ತೋರಿಸಿದೆ, ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಆಮೇಲೆ ಕನ್ನಡಕ ಒರೆಸ್ಕೊಂಡು ಸಮಾಧಾನವಾಗಿ ಇನ್ನೊಂದ್ಸಲ ನೋಡ್ದಾಗ ಅನುಮಾನ ಶುರುವಾಯ್ತು. ಯಾವ ಬೆಟ್ಟ ಅಂತ ಬರೆದಿಲ್ಲ, ಇಸವಿ ಇಲ್ಲ, ತೆಗೆದವರ ಹೆಸರಿಲ್ಲ, ಯಾವ ತಿಂಗಳಲ್ಲಿ ತೆಗೆದದ್ದು ಅಂತ ಕೇಳೋದೇ ಬೇಡ. ಮೂಲೇಲಿ ಇರುವೆ ಸೈಜಿನ ಅಕ್ಷರದಲ್ಲಿ ‘ಸಂಗ್ರಹ ಚಿತ್ರ’ ಅಂತ ಇದೆ ಅಷ್ಟೆ. ಎರಡೂ ಒಂದೇ ಜಾಗದಲ್ಲಿ ನಿಂತು ತೆಗೆದದ್ದು ಅಂತ ನಾವು ನಂಬ್ಕೋಬೇಕು.

ನಾನು ವಿಜ್ಞಾನಿ ಅಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಹಳೇ ಬೆಟ್ಟದ ಫೋಟೊ ನೋಡೋ ಹುಚ್ಚು ಒಂದಿದೆ. ದೊಡ್ಡ ದೊಡ್ಡ ಲೈಬ್ರರಿಗಳು, ಸರ್ವೆ ಇಲಾಖೆಗಳು ತಮ್ಮ ಹಳೇ ಗಾಜಿನ ಪ್ಲೇಟುಗಳನ್ನೆಲ್ಲ (ಫಿಲ್ಮ್ ಬರೋಕೆ ಮುಂಚೆ ಫೋಟೊ ಮೂಡಿಸ್ತಿದ್ದ ಗಾಜು) ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿರೋದ್ರಿಂದ ರಾತ್ರಿ ಊಟ ಆದ್ಮೇಲೆ ಅದೇ ನನ್ನ ಸೀರಿಯಲ್ಲು. ಜೂಮ್ ಮಾಡಿ ಮಾಡಿ ನೋಡ್ತಾ ಹೋದ್ರೆ ಒಂದು ಮನೆ ಮಾಡಿನ ಮೇಲೆ ಗಾಳಿಗೆ ಹಾರದಿರಲಿ ಅಂತ ಇಟ್ಟಿರೋ ಕಲ್ಲು ಕಾಣುತ್ತೆ, ಬೇಲಿ ಪಕ್ಕ ಯಾರೋ ನಿಂತಿದ್ದಾರೆ, ಆದರೆ ಕದಲಿಬಿಟ್ಟಿದ್ದಾರೆ, ಮುಖ ಹೊಗೆ ಥರ ಆಗಿದೆ. ಆ ಹುಚ್ಚಿನ ಮೇಲೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಹಾಕಿ.

ಹೇಳಬೇಕಾಗಿರೋದು ಇಷ್ಟು. ಹಳೇ ಫೋಟೊ ಅಂದ್ರೆ ಅದರಲ್ಲಿ ಕಾಡು ಜಾಸ್ತಿ ಇದ್ದೇ ಇರುತ್ತೆ, ಹೊಸದರಲ್ಲಿ ಕಮ್ಮಿ ಇದ್ದೇ ಇರುತ್ತೆ ಅಂತ ನಾವೆಲ್ಲ ಮೊದಲೇ ತೀರ್ಮಾನ ಮಾಡ್ಕೊಂಡು ಕೂತಿದ್ದೀವಿ. ಎಷ್ಟೋ ಬೆಟ್ಟಗಳ ಫೋಟೊ ಇದಕ್ಕೆ ಉಲ್ಟಾ ಹೇಳುತ್ತೆ.

ಇಥಿಯೋಪಿಯಾದ್ದೇ ತಗೊಳ್ಳಿ. 1868ರಲ್ಲಿ ಬ್ರಿಟಿಷರು ಅಲ್ಲಿನ ರಾಜ ತೆವೊಡ್ರೋಸ್ ಮೇಲೆ ದಂಡೆತ್ತಿ ಹೋದ್ರು, ಜನರಲ್ ನೇಪಿಯರ್ ಅನ್ನೋನು ನಮ್ಮ ಬಾಂಬೆಯಿಂದಲೇ ಸೈನ್ಯ ಹೊರಡಿಸಿದ್ದು, 44 ಆನೆಗಳನ್ನೂ ಹಡಗಲ್ಲಿ ಸಾಗಿಸಿದ್ರು. ಆ ದಂಡಿನ ಜೊತೆ ಎಂಜಿನಿಯರ್ ತುಕಡಿಯ ಫೋಟೊಗ್ರಾಫರ್‌ಗಳೂ ಇದ್ರು. ದಾರಿಯುದ್ದಕ್ಕೂ ಉತ್ತರದ ಎತ್ತರದ ಸೀಮೆ, ಅಂದ್ರೆ ತಿಗ್ರಾಯ್ ಕಡೆ, ಹಳ್ಳಿ, ಕಣಿವೆ, ಇಳಿಜಾರು ಎಲ್ಲ ತೆಗೀತಾ ಹೋದ್ರು. ಸುಮಾರು 140 ವರ್ಷ ಆದ್ಮೇಲೆ ಬೆಲ್ಜಿಯಮ್ಮಿನ ಯಾನ್ ನೈಸನ್ ಮತ್ತೆ ಅವರ ಜೊತೆಯವರು ಆ ಫೋಟೊ ಹಿಡ್ಕೊಂಡು ಅದೇ ಜಾಗಗಳನ್ನ ಹುಡುಕಿ ನಿಂತು ಮತ್ತೆ ತೆಗೆದ್ರು. ಕಂಡಿದ್ದೇನಪ್ಪ ಅಂದ್ರೆ 1868ರಲ್ಲೇ ಆ ಬೆಟ್ಟ ಬೋಳು, ಈಗಲೇ ಮರ ಗಿಡ ಜಾಸ್ತಿ. ಜನ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿದ್ದಾರೆ, ಕೆಲವು ಜಾಗಕ್ಕೆ ದನ ಬಿಡದಂಗೆ ಕಾಯ್ದುಕೊಂಡಿದ್ದಾರೆ. ಈಗಿನ ಮರಗಳಲ್ಲಿ ಬಹಳಷ್ಟು ನೀಲಗಿರಿ ಅನ್ನೋದು ಬೇರೆ ಮಾತು, ಅದು ಆ ದೇಶಕ್ಕೆ ಕಾಲಿಟ್ಟಿದ್ದೇ 1890ರ ದಶಕದಲ್ಲಿ. ಆದರೂ ‘ಇಥಿಯೋಪಿಯಾ ಅಂದ್ರೆ ಕಡಿದು ಕಡಿದು ಮರುಭೂಮಿ ಆದ ದೇಶ’ ಅಂತ ಕಣ್ಮುಚ್ಚಿ ಹೇಳೋ ಕತೆ ಆ ಫೋಟೊಗಳ ಮುಂದೆ ನಿಲ್ಲಲ್ಲ.

ನೀಲಗಿರಿ ಅಂದಾಗ ನೆನಪಾಯ್ತು. ನಾವು ಕನ್ನಡದಲ್ಲಿ ಆ ಮರಕ್ಕೆ ಬೆಟ್ಟದ ಹೆಸರನ್ನೇ ಇಟ್ಟುಬಿಟ್ಟಿದ್ದೀವಿ, ಆದರೆ ಆ ಬೆಟ್ಟಕ್ಕೂ ಆ ಮರಕ್ಕೂ ಮೂಲದಲ್ಲಿ ನೆಂಟಸ್ತಿಕೆನೇ ಇಲ್ಲ. ಅದು ಆಸ್ಟ್ರೇಲಿಯಾದ್ದು, ಬ್ರಿಟಿಷರು ಸೌದೆಗೆ ಅಂತ 1840ರ ದಶಕದಲ್ಲಿ ಊಟಿಗೆ ತಂದು ನೆಟ್ಟಿದ್ದು. ಆ ನೀಲಗಿರಿ ಬೆಟ್ಟದಲ್ಲಿ ಎಮ್ಮೆ ಸಾಕೋ ತೊದವ ಬುಡಕಟ್ಟಿನವರ ಹಟ್ಟಿಗಳ ಹಳೇ ಫೋಟೊ ನೋಡಿ, ಕಮಾನಿನ ಥರ ಬಾಗಿದ ಹುಲ್ಲಿನ ಗುಡಿಸಲು, ತೆವಳಿಕೊಂಡೇ ಒಳಗೆ ಹೋಗಬೇಕಾದಷ್ಟು ಪುಟ್ಟ ಬಾಗಿಲು, ಮುಂದೆ ಎಮ್ಮೆಗಳು, ಹಿಂದೆ ಬರೀ ಹುಲ್ಲಿನ ಗುಡ್ಡ, ಕಣಿವೆ ಸಂದಿಯಲ್ಲಿ ಮಾತ್ರ ಒತ್ತಾಗಿ ಶೋಲಾ ಕಾಡು. ಇದನ್ನ ನಿಮ್ಮ ಪುರವಣಿಯಲ್ಲಿ ಹೆಸರಿಲ್ಲದೆ ಹಾಕಿ ಪಕ್ಕದಲ್ಲಿ ಈಗಿನ ವಾಟಲ್ಲು, ನೀಲಗಿರಿ ತೋಪಿನ ಫೋಟೊ ಹಾಕಿದ್ರೆ ‘ಅಂದು ಬೋಳು, ಇಂದು ಹಸಿರು’ ಅಂತ ಶೀರ್ಷಿಕೆ ಕೊಟ್ಟು ಖುಷಿ ಪಡಬಹುದು. ಎಂಥ ಮೋಸ ಆಗುತ್ತೆ ನೋಡಿ. ಆ ಹುಲ್ಲುಗಾವಲು ಯಾರೋ ಕಾಡು ಕಡಿದು ಮಾಡಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತೆ ಅವರ ಜೊತೆಯವರು ಅಲ್ಲಿನ ಜೌಗು ಮಣ್ಣನ್ನ ಪರೀಕ್ಷೆ ಮಾಡಿ 1993ರಲ್ಲೇ ಪ್ರಕಟಿಸಿದ್ದಾರೆ, ಅಲ್ಲಿ ಹುಲ್ಲು ಸಾವಿರಾರು ವರ್ಷದಿಂದ ಇದೆ, ಹವಾಮಾನ ಬದಲಾದಂಗೆ ಹುಲ್ಲು ಹೆಚ್ಚು ಕಮ್ಮಿ ಆಗಿದೆ. ಬ್ರಿಟಿಷರ ಕಣ್ಣಿಗೆ ಅದು ಖಾಲಿ ಜಾಗ, ವೇಸ್ಟ್ ಲ್ಯಾಂಡ್. ಮರ ನೆಟ್ಟರು. ಹಾಗಾಗಿ ಅಲ್ಲಿ ಫೋಟೊದಲ್ಲಿ ಮರ ಜಾಸ್ತಿ ಆದಷ್ಟೂ ಬೆಟ್ಟಕ್ಕೆ ಪೆಟ್ಟು ಬಿದ್ದಿದೆ ಅಂತಲೇ ಓದಬೇಕು.

ಇದನ್ನೇ ನಾನು ಒತ್ತಿ ಹೇಳ್ತಿರೋದು, ಮರ ಎಣಿಸಿದ್ರೆ ಸಾಕಾಗಲ್ಲ, ಅದು ಯಾವ ಬೆಟ್ಟ, ಅಲ್ಲಿ ಮೊದಲು ಏನಿತ್ತು ಅನ್ನೋದು ಫೋಟೊ ಜೊತೆ ಬರಬೇಕು.

ಇನ್ನು ಕೆನಡಾದ ರಾಕಿ ಪರ್ವತದೊಳಗಿನ ಜಾಸ್ಪರ್ ಕಣಿವೆ. ಇದು ನಂಗೆ ತುಂಬಾ ತಲೆ ಕೆಡಿಸಿದ ಕತೆ. 1915ರ ಬೇಸಿಗೆಯಲ್ಲಿ ಮಾರಿಸನ್ ಬ್ರಿಜ್‌ಲ್ಯಾಂಡ್ ಅನ್ನೋ ಸರ್ವೆಯರ್ ರಾಕಿ ಪರ್ವತದ ಶಿಖರ ಶಿಖರಕ್ಕೂ ಕ್ಯಾಮೆರಾ ಹೊತ್ತು ಹತ್ತಿ 92 ಕಡೆಯಿಂದ 735 ಫೋಟೊ ತೆಗೆದ. ಚಂದಕ್ಕೆ ಅಂತ ಅಲ್ಲ, ನಕ್ಷೆ ಮಾಡೋಕೆ. ಪ್ರತಿ ಜಾಗದಲ್ಲಿ ನಿಂತು ಸುತ್ತಲೂ ಒಂದಕ್ಕೊಂದು ತಾಗೋ ಹಾಗೆ ತೆಗೆದಿದ್ದ. ಅದಕ್ಕೇ ಅದು ಚಿನ್ನ, ಯಾಕಂದ್ರೆ ಚಂದದ ಫೋಟೊ ತೆಗೆಯೋನು ಚಂದ ಇರೋ ಕಡೆ ಮಾತ್ರ ತಿರುಗ್ತಾನೆ, ಸರ್ವೆಯರ್ ಎಲ್ಲ ಕಡೆ ತಿರುಗಲೇಬೇಕು. ಇಂಥ ಗಾಜಿನ ಪ್ಲೇಟುಗಳು ಕೆನಡಾದಲ್ಲಿ ಒಂದು ಲಕ್ಷಕ್ಕೂ ಮೇಲಿವೆ. 90ರ ದಶಕದ ಕೊನೇಲಿ ಜೀನಿನ್ ರೆಮ್ಟುಲಾ, ಎರಿಕ್ ಹಿಗ್ಸ್ ಅನ್ನೋರು ಅದೇ ಜಾಗಗಳಿಗೆ ಹೋಗಿ ಮತ್ತೆ ತೆಗೆದ್ರು. 1915ರ ಚಿತ್ರದಲ್ಲಿ ಕಣಿವೆ ಕೌದಿ ಥರ, ಇಲ್ಲಿಷ್ಟು ಹುಲ್ಲು, ಅಲ್ಲಿಷ್ಟು ಎಳೇ ಮರ, ಆಚೆ ಸುಟ್ಟು ಕಪ್ಪಾದ ಜಾಗ. ಹೊಸ ಚಿತ್ರದಲ್ಲಿ ಕಂಬಳಿ ಹೊದಿಸಿದಂಗೆ ಒಂದೇ ಸಮ ದಟ್ಟ ಶಂಕುಮರಗಳ ಕಾಡು.

ಯಾಕೆ ಹಂಗಾಯ್ತು? ಅಲ್ಲಿ 1907ರಲ್ಲಿ ಕಾಡನ್ನ ಕಾಯೋ ಸರ್ಕಾರಿ ಪಾರ್ಕ್ ಮಾಡಿದ್ರು, 1910ರ ಹೊತ್ತಿಗೆ ಕಣಿವೆಯಲ್ಲಿ ಉಳುಮೆ ಮಾಡ್ಕೊಂಡಿದ್ದ ಮೆಟಿ (ಮೂಲನಿವಾಸಿ, ಯುರೋಪಿಯನ್ ಎರಡೂ ಬೆರೆತ ವಂಶದವರು) ಕುಟುಂಬಗಳನ್ನ ಎಬ್ಬಿಸಿ ಕಳಿಸಿದ್ರು. ಮೂಲನಿವಾಸಿಗಳು ಹದ ನೋಡಿ ಹುಲ್ಲಿಗೆ ಬೆಂಕಿ ಇಡ್ತಿದ್ರು, ಅದೂ ನಿಂತೋಯ್ತು. ತಾನಾಗೇ ಬಿದ್ದ ಬೆಂಕಿಯನ್ನೂ ಇಲಾಖೆ ಬಿಡದೆ ಆರಿಸ್ತಾ ಬಂತು. ಕಾಡು ತುಂಬ್ಕೊಂತು. 2024ರ ಜುಲೈನಲ್ಲಿ ಅಲ್ಲಿಗೆ ಕಾಳ್ಗಿಚ್ಚು ನುಗ್ಗಿ ಜಾಸ್ಪರ್ ಪಟ್ಟಣದ ಸುಮಾರು ಮೂರನೇ ಒಂದು ಭಾಗ ಕಟ್ಟಡ ಸುಟ್ಟುಹೋಯ್ತು. ಬರೀ ದಟ್ಟ ಕಾಡೇ ಕಾರಣ ಅಂತ ನಾನು ಹೇಳಲ್ಲ, ಒಣಹವೆ, ಗಾಳಿ, ಹುಳ ತಿಂದು ನಿಂತಲ್ಲೇ ಸತ್ತ ಮರಗಳು ಎಲ್ಲ ಸೇರಿತ್ತು. ಆದರೆ 1915ರ ಫೋಟೊ ಪಕ್ಕ ಈಗಿನದ್ದನ್ನ ಇಟ್ಟು ‘ಅಂದು ಬರಡು, ಇಂದು ಸಮೃದ್ಧಿ’ ಅಂತ ಯಾರಾದ್ರೂ 2023ರಲ್ಲಿ ಶೀರ್ಷಿಕೆ ಕೊಟ್ಟಿದ್ರೆ ಮುಂದಿನ ವರ್ಷ ಅದನ್ನ ಓದೋಕೆ ಹೇಗಿರ್ತಿತ್ತು ಅಂತ ಯೋಚನೆ ಮಾಡಿ.

ಜನ ಇಲ್ಲದ ಫೋಟೊಗಳ ಬಗ್ಗೆನೂ ಒಂದು ಮಾತು. ಅಮೆರಿಕದ ಯೊಸೆಮಿಟಿ ಕಣಿವೆಯನ್ನ ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ 18ಕ್ಕೆ 22 ಇಂಚಿನ ಭಾರೀ ಗಾಜಿನ ಪ್ಲೇಟಲ್ಲಿ ತೆಗೆದ, ಆ ಚಿತ್ರಗಳು ಪೂರ್ವದ ಪಟ್ಟಣಗಳಲ್ಲಿ ಹೆಸರು ಮಾಡಿದ್ವು, 1864ರಲ್ಲಿ ಲಿಂಕನ್ ಆ ಕಣಿವೆಯನ್ನ ರಕ್ಷಿಸೋ ಕಾನೂನಿಗೆ ಸಹಿ ಹಾಕಿದ. ಒಳ್ಳೇದೇ. ಆದರೆ ಆ ಚಿತ್ರ ನೋಡಿದವರಿಗೆ ಅದು ಮನುಷ್ಯರ ಸುಳಿವೇ ಇಲ್ಲದ ದೇವಲೋಕ ಅನ್ನಿಸ್ತು. ಹತ್ತೇ ವರ್ಷದ ಹಿಂದೆ, 1851ರಲ್ಲಿ, ಅಲ್ಲಿದ್ದ ಅಹ್ವಾನೀಚಿ ಅನ್ನೋ ಮೂಲನಿವಾಸಿ ಜನರನ್ನ ಬಂದೂಕು ಹಿಡಿದ ದಂಡು ಓಡಿಸಿತ್ತು, ಅವರ ಹಳ್ಳಿಗಳನ್ನ ಸುಟ್ಟಿತ್ತು. ಫೋಟೊದಲ್ಲಿ ನಮಗೆ ಚಂದ ಕಾಣೋ ಆ ಬಯಲು ಬಯಲು ಹುಲ್ಲು ಅವರೇ ವರ್ಷ ವರ್ಷ ಬೆಂಕಿ ಇಟ್ಟು ಕಾಪಾಡ್ಕೊಂಡು ಬಂದಿದ್ದು. ಅವರು ಹೋದ್ಮೇಲೆ ಮರ ನುಗ್ಗಿತು.

ಇದಕ್ಕಿಂತ ನನ್ನನ್ನ ಕಾಡಿದ್ದು ಫ್ರಾನ್ಸಿನ ಶೋಡನ್ ಅನ್ನೋ ಹಳ್ಳಿ. ಆಲ್ಪ್ಸ್ ಬೆಟ್ಟದೊಳಗಿನ ಪುಟ್ಟ ಹಳ್ಳಿ ಅದು. 19ನೇ ಶತಮಾನದಲ್ಲಿ ಅಲ್ಲೆಲ್ಲ ಕಾಡು ಕಡಿದು, ಕುರಿ ಮೇಯಿಸಿ ಇಳಿಜಾರು ಬರೀ ಕಲ್ಲಾಗಿತ್ತು, ಮಳೆ ಬಂದ್ರೆ ಬೆಟ್ಟದ ಹಳ್ಳ ಮಣ್ಣು ಬಂಡೆ ಸಮೇತ ಕೆಳಗಿನ ಊರಿನ ಮೇಲೆ ಬರೋದು. ಸರ್ಕಾರ 1860ರಲ್ಲಿ ಒಂದು, 1882ರಲ್ಲಿ ಇನ್ನೊಂದು ಕಾನೂನು ಮಾಡಿ ಬೆಟ್ಟದ ಮೇಲೆ ಮರ ನೆಡೋ ದೊಡ್ಡ ಕೆಲಸ ಶುರು ಮಾಡ್ತು, ಅರಣ್ಯ ಅಧಿಕಾರಿಗಳು ಕೆಲಸಕ್ಕೆ ಮುಂಚೆ, ಕೆಲಸ ಆದ್ಮೇಲೆ ಅಂತ ಫೋಟೊ ತೆಗೆದು ತೆಗೆದು ಇಟ್ರು. ಶೋಡನ್ ಜನಕ್ಕೆ ಹೊಲದಲ್ಲಿ ಏನೂ ಬೆಳೀದಂಗಾಯ್ತು. ಕೊನೆಗೆ ಊರವರೇ ಸೇರಿ ನಮ್ಮೂರನ್ನ ಕೊಂಡುಕೊಳ್ಳಿ ಅಂತ ಸರ್ಕಾರಕ್ಕೆ ಅರ್ಜಿ ಕೊಟ್ರು. 1895ರಲ್ಲಿ ಮಾರಾಟ ಆಯ್ತು, ಇಡೀ ಊರು, ಮನೆ, ಹೊಲ, ಕುರಿ ಮೇಯೋ ಗುಡ್ಡ ಎಲ್ಲ. ಜನ ದೂರ ದೂರಕ್ಕೆ ಹೊರಟೋದ್ರು, ಅಮೆರಿಕಕ್ಕೂ ಹೋದ್ರು. ಈಗ ಆ ಕಣಿವೆ ಕಾಡು. ಸರ್, ಈ ಜೋಡಿ ಫೋಟೊಗೆ ನೀವು ಏನಂತ ಶೀರ್ಷಿಕೆ ಕೊಡ್ತೀರಿ? ಮೊದಲನೇದರಲ್ಲಿ ಬೋಳು ಬೆಟ್ಟ, ಆದರೆ ಊರಿದೆ. ಎರಡನೇದರಲ್ಲಿ ಹಸಿರು ಬೆಟ್ಟ, ಊರಿಲ್ಲ. ನಂಗಂತೂ ಇದರಲ್ಲಿ ಯಾವುದು ‘ಚೆನ್ನಾಗಿತ್ತು’ ಅಂತ ಹೇಳೋ ಧೈರ್ಯ ಬರಲಿಲ್ಲ.

ನೇಪಾಳದಲ್ಲೂ ಸ್ವಲ್ಪ ಹೀಗೇ. ಎಪ್ಪತ್ತರ ದಶಕದಲ್ಲಿ ಹಿಮಾಲಯದ ಕಾಡು ಇನ್ನೇನು ಮುಗೀತು, ಬೆಟ್ಟದ ರೈತರೇ ಕಡಿದು ಹಾಳು ಮಾಡ್ತಿದ್ದಾರೆ ಅಂತ ದೊಡ್ಡ ಗಲಾಟೆ ಇತ್ತು. ಎವರೆಸ್ಟ್ ಕೆಳಗಿನ ಖುಂಬು ಪ್ರದೇಶವನ್ನ ಆಸ್ಟ್ರಿಯಾದ ಎರ್ವಿನ್ ಷ್ನೈಡರ್ 50ರ ದಶಕದಲ್ಲಿ ನಕ್ಷೆಗೆ ಅಂತ ಫೋಟೊ ತೆಗೆದಿದ್ದ, 80ರ ದಶಕದಲ್ಲಿ ಆಲ್ಟನ್ ಬೈಯರ್ಸ್ ಹೋಗಿ ಅದೇ ಜಾಗದಿಂದ ತೆಗೆದ್ರೆ ಕೆಳಗಿನ ಇಳಿಜಾರಿನ ಕಾಡು ಹೆಚ್ಚು ಕಮ್ಮಿ ಹಾಗೇ ಇತ್ತು. ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಇನ್ನೂ ಮೇಲೆ, ಮರಗಳೇ ಬೆಳೆಯದ ಎತ್ತರದ ಕುರುಚಲು ಜುನಿಪರ್ ಪೊದೆಗಳಿಗೆ, ಅದೂ ಚಾರಣದವರ ಲಾಡ್ಜುಗಳ ಒಲೆಗೆ. ರೈತನ ಮೇಲೆ ಹೊರಿಸಿದ್ದ ತಪ್ಪು ಎಲ್ಲಿಗೆ ಹೋಗಿ ಕೂತ್ಕೊಂತು ನೋಡಿ. ಆಮೇಲೆ ಆ ದೇಶ ಕಾಡನ್ನ ಊರವರ ಕೈಗೇ ಕೊಡ್ತು. 1992ರಲ್ಲಿ ಸುಮಾರು ಶೇ 26 ಇದ್ದ ಅರಣ್ಯ 2016ಕ್ಕೆ ಶೇ 45 ಆಗಿದೆ ಅಂತ ಉಪಗ್ರಹ ಚಿತ್ರ ಇಟ್ಕೊಂಡು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಊರವರ ಶ್ರಮನೂ ಇದೆ, ಹುಡುಗರು ದುಡಿಯೋಕೆ ಗಲ್ಫ್ ಕಡೆ ಹೋಗಿ ಉಳೋರಿಲ್ಲದೆ ಬಿದ್ದಿರೋ ಗದ್ದೆ ಮೆಟ್ಟಿಲುಗಳೂ ಇವೆ. ಫೋಟೊದಲ್ಲಿ ಎರಡೂ ಒಂದೇ ಹಸಿರು.

ಸರಿ, ಇನ್ನು ಕ್ಯಾಮೆರಾ ಬಗ್ಗೆ, ಇದನ್ನ ನಿಮ್ಮ ಲೇಔಟ್ ಮಾಡೋರಿಗೆ ದಯವಿಟ್ಟು ಓದಿಸಿ.

ಮೊದಲಿನ ಕಾಲದ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣ್ತಿತ್ತು. ಹಸಿರು, ಹಳದಿ, ಕೆಂಪು ಎಲ್ಲ ಕಪ್ಪು ಕಪ್ಪಾಗೇ ಬೀಳೋದು. ಹರ್ಮನ್ ಫೋಗೆಲ್ ಅನ್ನೋ ಜರ್ಮನ್ 1873ರಲ್ಲಿ ಪ್ಲೇಟಿಗೆ ಬಣ್ಣ ಬೆರೆಸಿದ್ರೆ ಹಸಿರೂ ಹಿಡಿಯುತ್ತೆ ಅಂತ ಕಂಡುಹಿಡಿದ, ಎಲ್ಲ ಬಣ್ಣಕ್ಕೂ ಸ್ಪಂದಿಸೋ ಪ್ಲೇಟ್ ಅಂಗಡಿಗೆ ಬಂದಿದ್ದು 1906ರ ಹೊತ್ತಿಗೆ. ಅಂದ್ರೆ 1860ರ ಒಂದು ಬೆಟ್ಟದ ಫೋಟೊದಲ್ಲಿ ಕರ್ರಗೆ ಕಾಣೋದು ಒತ್ತೊತ್ತಾದ ಕಾಡೂ ಆಗಿರಬಹುದು, ಮೊಣಕಾಲೆತ್ತರದ ಪೊದೆನೂ ಆಗಿರಬಹುದು, ಒಣಗಿದ ಹುಲ್ಲೂ ಆಗಿರಬಹುದು, ಜೂಮ್ ಮಾಡಿ ಎಲೆ, ನೆರಳು ನೋಡದೆ ಹೇಳೋಕಾಗಲ್ಲ. ಆಕಾಶ ಪೂರ್ತಿ ಬಿಳಿಚಿಕೊಳ್ಳೋದು, ಮೋಡ ಕಾಣ್ತಿರಲಿಲ್ಲ, ಅದಕ್ಕೆ ಕೆಲವರು ಬೇರೆ ದಿನ ತೆಗೆದ ಮೋಡದ ನೆಗೆಟಿವ್ ತಂದು ಮೇಲೆ ಕೂರಿಸ್ತಿದ್ರು. ಫೋಟೊಶಾಪ್ ನಿನ್ನೆ ಮೊನ್ನೆದಲ್ಲ ಸ್ವಾಮಿ. ಈಗ ಇದಕ್ಕೆಲ್ಲ ಮೇಲೆ ಎಐ ಬಂದು ಹಳೇ ಫೋಟೊಗೆ ಬಣ್ಣ ಬಳೀತಿದೆ, ಅದಕ್ಕೆ ಕಪ್ಪಗಿರೋದೆಲ್ಲ ಕಾಡೇ, ಎಲ್ಲದಕ್ಕೂ ಗಿಣಿ ಹಸಿರು. ಅಂಥವನ್ನ ಮಾತ್ರ ದಯವಿಟ್ಟು ಪತ್ರಿಕೇಲಿ ಹಾಕ್ಬೇಡಿ.

ಆ ಫೋಟೊ ತೆಗೆಯೋದೂ ಸುಲಭ ಇರಲಿಲ್ಲ. ಸ್ಯಾಮ್ಯುಯೆಲ್ ಬೋರ್ನ್ ಅನ್ನೋ ಬ್ರಿಟಿಷ್ ಫೋಟೊಗ್ರಾಫರ್ 1863ರಿಂದ 1866ರ ಮಧ್ಯೆ ಮೂರು ಸಲ ಹಿಮಾಲಯಕ್ಕೆ ಹೋದ, 18,000 ಅಡಿಗೂ ಮೇಲಿನ ಮಣಿರಂಗ್ ಕಣಿವೆದಾರಿಯಲ್ಲೂ ನಿಂತು ತೆಗೆದ. ಗಾಜಿನ ಮೇಲೆ ಅಂಟು ದ್ರಾವಣ ಸುರಿದು, ಬೆಳ್ಳಿ ಲವಣದಲ್ಲಿ ಅದ್ದಿ, ಅದು ಒದ್ದೆ ಇರೋವಾಗಲೇ ಕ್ಯಾಮೆರಾಗೆ ಹಾಕಿ ತೆಗೆದು, ಆರೋಕೆ ಮುಂಚೆ ಕತ್ತಲೆ ಡೇರೆಯೊಳಗೆ ತೊಳೀಬೇಕು. ಆ ಡೇರೆ, ಗಾಜು, ಬಾಟ್ಲಿ ಎಲ್ಲ ಹೊತ್ತಿದ್ದು ಕೂಲಿಯವರು. ಫೋಟೊ ಕೆಳಗೆ ಬೋರ್ನ್ ಹೆಸರಿದೆ, ಅವರಲ್ಲಿ ಒಬ್ಬರದ್ದೂ ಇಲ್ಲ, ಎಲ್ಲೋ ಬಂಡೆ ಪಕ್ಕ ಅಳತೆ ಗೊತ್ತಾಗಲಿ ಅಂತ ನಿಲ್ಲಿಸಿದ್ರೆ ಅಷ್ಟೇ ಅವರು ನಮಗೆ ಕಾಣೋದು. ಒಂದು ದಿನಕ್ಕೆ ಒಂದೆರಡು ಫೋಟೊ ಬಂದ್ರೆ ಹೆಚ್ಚು ಅನ್ನೋ ಕಾಲದಲ್ಲಿ ಅವನು ಎಲ್ಲಿ ಡೇರೆ ಹಾಕ್ತಾನೆ? ನೀರು ಹತ್ತಿರ ಇರೋ, ಮರ ಚೆನ್ನಾಗಿರೋ, ನೋಡೋಕೆ ಲಕ್ಷಣವಾಗಿರೋ ಕಡೆ ತಾನೆ. ಆಚೆ ಗುಡ್ಡದಲ್ಲಿ ರೈಲು ಹಳಿಗೆ ಅಂತ ದೇವದಾರು ಕಡಿದು ನದಿಗೆ ಬಿಡ್ತಿದ್ರೂ ಅದು ಫ್ರೇಮಿಗೆ ಬರಲೇಬೇಕು ಅಂತಿಲ್ಲ.

ಇನ್ನೊಂದು, ಜಾಗ. ಎರಡು ಫೋಟೊ ಒಂದೇ ಜಾಗದ್ದು ಅಂತ ಹೇಳಬೇಕಾದ್ರೆ ಶಿಖರದ ಆಕಾರ ಒಂದೇ ಥರ ಇದ್ರೆ ಸಾಲ್ದು. ಹತ್ತಿರದ ಬಂಡೆಯ ಮೂಲೆ ದೂರದ ಶಿಖರದ ಯಾವ ಭಾಗಕ್ಕೆ ತಾಗ್ದಂಗೆ ಕಾಣುತ್ತೆ ಅನ್ನೋದು ಕೂಡಬೇಕು. ಮನೇಲೇ ನೋಡಬಹುದು, ಕಿಟಕಿ ಸರಳನ್ನ ಎದುರಿನ ಕಂಬಕ್ಕೆ ಸರಿಯಾಗಿ ಕೂಡಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಎರಡೂ ಬೇರೆ ಬೇರೆ ಆಗ್ಬಿಡುತ್ತೆ. ಮರುಫೋಟೊ ತೆಗೆಯೋರು ಹಂಗೆ ಒಂದೊಂದೇ ಹೆಜ್ಜೆ ಆ ಕಡೆ ಈ ಕಡೆ ಸರೀತಾ ಹಳೇ ಫೋಟೊಗ್ರಾಫರ್ ನಿಂತಿದ್ದ ಜಾಗಕ್ಕೇ ಬಂದು ನಿಲ್ತಾರೆ. ತಿಂಗಳೂ ಅದೇ, ಆದಷ್ಟು ಹೊತ್ತೂ ಅದೇ. ಮಳೆಗಾಲ ಮುಗಿದ ತಕ್ಷಣದ ಬೆಟ್ಟವನ್ನ ಕಡು ಬೇಸಿಗೆಯ ಬೆಟ್ಟದ ಪಕ್ಕ ಇಟ್ರೆ ಯಾವ ಬೆಟ್ಟನಾದ್ರೂ ಹಾಳಾದಂಗೆ ತೋರಿಸಬಹುದು.

ನಿಮ್ಮ ಜೋಡಿ ಫೋಟೊದಲ್ಲಿ ಎಡಗಡೆದರಲ್ಲಿ ಮುಂದೆ ಒಂದು ಸೀಳು ಬಂಡೆ ಇದೆ, ಬಲಗಡೆದರಲ್ಲಿ ಅದು ಇಲ್ಲವೇ ಇಲ್ಲ. ಬಂಡೆ ಎದ್ದು ಹೋಗಿರಲಾರದು. ಕ್ಯಾಮೆರಾ ಬೇರೆ ಕಡೆ ಇದೆ.

ಕಾಡು ನಾಶ ಆಗಿಲ್ಲ ಅಂತ ನಾನು ವಾದ ಮಾಡ್ತಿದ್ದೀನಿ ಅಂತ ಯಾರೂ ತಿಳ್ಕೋಬೇಡಿ. ಆಗಿದೆ, ಆಗ್ತಾನೂ ಇದೆ, ಡ್ಯಾಮು, ಗಣಿ, ರಸ್ತೆ, ರೆಸಾರ್ಟು ಎಲ್ಲದಕ್ಕೂ ಬೆಟ್ಟ ಕೊರೀತಿದ್ದಾರೆ. ಅದಕ್ಕೇ ಸಾಕ್ಷಿ ಗಟ್ಟಿ ಇರಬೇಕು ಅನ್ನೋದು. ತಾರೀಕಿಲ್ಲದ ಒಂದು ಫೋಟೊ ಹಿಡ್ಕೊಂಡು ಹೋದ್ರೆ ಎದುರಿನ ವಕೀಲ ಒಂದೇ ಪ್ರಶ್ನೆಗೆ ಅದನ್ನ ಹರಿದು ಬಿಸಾಕ್ತಾನೆ, ಆಮೇಲೆ ನಿಜವಾದ ಫೋಟೊ ತಂದ್ರೂ ನಂಬಲ್ಲ.

ಕೊನೆಗೆ ಒಂದು ಸಣ್ಣ ವಿಷಯ, ಹೇಳಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಒಂದ್ಸಲ ಒಂದು ಹಳೇ ಕಣಿವೆ ಫೋಟೊದ ಜಾಗ ಯಾವುದು ಅಂತ ಸ್ಯಾಟಲೈಟ್ ಮ್ಯಾಪಲ್ಲಿ ಮೂರು ರಾತ್ರಿ ಹುಡುಕಿ ಸೋತಿದ್ದೆ, ನದಿ ತಿರುವು ಎಲ್ಲೂ ಕೂಡ್ತಿರಲಿಲ್ಲ. ನಾಲ್ಕನೇ ರಾತ್ರಿ ಬೇಜಾರಲ್ಲಿ ಫೋಟೊನ ಕನ್ನಡಿಯಲ್ಲಿ ನೋಡ್ದಂಗೆ ತಿರುಗಿಸಿದೆ, ಹತ್ತು ನಿಮಿಷದಲ್ಲಿ ಸಿಕ್ತು. ಗಾಜಿನ ಪ್ಲೇಟನ್ನ ಯಾರೋ ಹಿಂದೆ ಮುಂದೆ ಮಾಡಿ ಸ್ಕ್ಯಾನ್ ಮಾಡಿದ್ರು. ನಿಮ್ಮ ಎಡಗಡೆ ಫೋಟೊದ ಕೆಳಗಿನ ಮೂಲೆಯಲ್ಲಿ ಪ್ಲೇಟ್ ಮೇಲೆ ಗೀಚಿರೋ ನಂಬರ್ ಒಂದಿದೆ, ಭೂತಗನ್ನಡಿ ಹಿಡಿದು ನೋಡಿದೆ, 7 ಅನ್ನೋ ಅಂಕಿ ಉಲ್ಟಾ ಇದೆ. ಆ ‘ಸಂಗ್ರಹ’ ಯಾರದ್ದು ಅಂತ ಗೊತ್ತಿದ್ರೆ ಮೂಲ ಪ್ರತಿ ಒಂದ್ಸಲ ತರಿಸಿ ನೋಡಿ, ಇಸವಿ, ಜಾಗ ಸಿಕ್ಕಿದ್ರೆ ಮುಂದಿನ ಭಾನುವಾರ ಅದೇ ಪುಟದಲ್ಲಿ ಹಾಕಿ. ಬೆಟ್ಟದ ಹೆಸರು ಗೊತ್ತಾದ್ರೆ ಸಾಕು, ಬಾಕಿ ಹುಡುಕೋದು ನಾನು ನೋಡ್ಕೋತೀನಿ.

ಇತಿ,
ನಿಮ್ಮ ಭಾನುವಾರದ ಓದುಗ